ಸ್ಟೀಲ್ ಬೀರು, ಮಂಚ, ರ‍್ಯಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶೀಟ್ ಮೆಟಲ್ ಕೆಲಸದಲ್ಲಿ ಇರುವವನು ಅಂತ ಗೊತ್ತಾದ ಮೇಲೆ ನೆಂಟರು ಮದುವೆ ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ. ಹೋಳಿಗೆ ಬಡಿಸುವಷ್ಟರಲ್ಲಿ "ಒಂದು ಬೀರು ತಗೋಬೇಕು ಕಣೋ, ಯಾವುದು ಒಳ್ಳೇದು" ಅಂತ ಶುರುವಾಗುತ್ತದೆ. ಫೋನಿನಲ್ಲಿ, ಮೆಸೇಜಿನಲ್ಲಿ ಬರುವುದೂ ಸುಮಾರು ಇವೇ ಪ್ರಶ್ನೆಗಳು. ಹೇಳಿದ್ದನ್ನೇ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ.

## ಮೊದಲು ಸಾಮಾನ್ಯ ಪ್ರಶ್ನೆಗಳು

ಸ್ಟೀಲ್ ಅಂದ್ರೆ ತುಕ್ಕು ಹಿಡಿಯಲ್ಲ ಅಲ್ವಾ? ಮತ್ತೆ ನಮ್ಮ ಬೀರು ಯಾಕೆ ಹೀಗಾಯ್ತು?

ನಿಮ್ಮ ತಲೆಯಲ್ಲಿರುವ ಸ್ಟೀಲ್ ಊಟದ ತಟ್ಟೆಯ ಸ್ಟೀಲ್. ಬೀರುವಿನ ಸ್ಟೀಲ್ ಬೇರೆ.

ತಟ್ಟೆ, ಲೋಟ, ಸಿಂಕ್ ಎಲ್ಲ ಎಸ್‌ಎಸ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇರುತ್ತದೆ. ಈ ಕ್ರೋಮಿಯಂ ಗಾಳಿಯ ಜೊತೆ ಸೇರಿ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಆ ಪೊರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಬೀರು, ಮಂಚ, ಆಫೀಸ್ ಟೇಬಲ್ ಎಲ್ಲ ಮಾಡುವುದು ಎಂಎಸ್‌ನಲ್ಲಿ, ಅಂದರೆ ಮೈಲ್ಡ್ ಸ್ಟೀಲ್. ಅದಕ್ಕೆ ಕ್ರೋಮಿಯಂ ಕಾವಲು ಇಲ್ಲ. ಅದನ್ನು ಕಾಯುವುದು ಮೇಲಿನ ಬಣ್ಣ ಒಂದೇ. ಬಣ್ಣ ಎಲ್ಲಿ ಕಿತ್ತು ಬಂತೋ ಅಲ್ಲಿ ನೀರು ಕೂರುತ್ತದೆ, ನೀರು ಕೂತಲ್ಲಿ ತುಕ್ಕು.

ಹಾಗಾಗಿ ಅಂಗಡಿಯಲ್ಲಿ "ಸ್ಟೀಲ್ ಸಾರ್" ಅಂದರೆ ಮೊದಲು ಕೇಳಬೇಕಾದ್ದು "ಎಂಎಸ್ಸೋ ಎಸ್‌ಎಸ್ಸೋ?"

ಈಗಿನ ಫ್ಲ್ಯಾಟಿಗೆ ಸ್ಟೀಲ್ ಬೀರು ಹಳೇ ಫ್ಯಾಷನ್ ಅನ್ಸಲ್ವಾ?

ಹಸಿರು ಮಿಶ್ರಿತ ಬೂದು ಬಣ್ಣದ, ಮುಟ್ಟಿದರೆ ತರಿತರಿ ಅನ್ನುವ ಹ್ಯಾಮರ್‌ಟೋನ್ ಪೇಂಟಿನ ಬೀರು ನಿಮ್ಮ ನೆನಪಿನಲ್ಲಿರಬೇಕು. ಅದು ಹಳೆಯದೇ, ಒಪ್ಪಿದೆ. ಗೋದ್ರೇಜ್ ಕಂಪನಿ ಉಕ್ಕಿನ ಬೀರು ಮಾಡಲು ಶುರು ಮಾಡಿದ್ದು 1923ರಲ್ಲಿ. ಆ ಹೆಸರು ಎಷ್ಟು ಅಂಟಿಕೊಂಡಿತು ಅಂದರೆ ನಮ್ಮ ಕಡೆ ಯಾರು ಮಾಡಿದ್ದಾದರೂ ಅದು "ಗಾಡ್ರೇಜ್ ಬೀರು"ವೇ. ಅದೇ 1923ರ ಜನವರಿಯಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು. ಇವೆರಡಕ್ಕೂ ಸಂಬಂಧ ಇಲ್ಲ, ಆದರೂ ಬೀರು ಅಂದಾಗಲೆಲ್ಲ ನನಗೆ ಭದ್ರಾವತಿ ನೆನಪಾಗುತ್ತದೆ, ಏನು ಮಾಡೋದು.

ಇನ್ನು ಫ್ಯಾಷನ್ ವಿಷಯ. ಉಕ್ಕಿನ ಕೊಳವೆ ಬಗ್ಗಿಸಿ ಕುರ್ಚಿ ಮಾಡುವುದನ್ನು ಜಗತ್ತಿಗೆ ಹತ್ತಿಸಿದ್ದು ಜರ್ಮನಿಯ ಬೌಹೌಸ್ ವಿನ್ಯಾಸ ಶಾಲೆಯ ಮಾರ್ಸೆಲ್ ಬ್ರಾಯರ್. ಅದು 1925ರ ಸುಮಾರಿನ ಮಾತು. ಸೈಕಲ್ಲಿನ ಹ್ಯಾಂಡಲ್ ನೋಡಿ ಹೊಳೆದದ್ದಂತೆ. ಇವತ್ತು ಕೆಫೆಗಳಲ್ಲಿ ಕಪ್ಪು ಚೌಕ ಪೈಪಿನ ಕಾಲು, ಮೇಲೆ ಮರದ ಹಲಗೆ ಇರುವ ಟೇಬಲ್ ನೋಡಿ "ಎಷ್ಟು ಮಾಡರ್ನ್" ಅನ್ನುತ್ತೀರಲ್ಲ, ಅದೂ ಎಂಎಸ್ಸೇ. ಬಣ್ಣ ಮ್ಯಾಟ್ ಆಯಿತು, ಕನ್ನಡಿ ಹೋಯಿತು, ಹಿಡಿ ಚಿಕ್ಕದಾಯಿತು, ಅಷ್ಟೇ.

ಮರ, ಪ್ಲೈವುಡ್, ಸ್ಟೀಲ್. ಯಾವುದು ಒಳ್ಳೇದು, ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗುವುದಿಲ್ಲ. ಬಾಡಿಗೆ ಮನೆ, ಎರಡು ವರ್ಷಕ್ಕೊಮ್ಮೆ ಸಾಮಾನು ಸಾಗಿಸುವವರಾದರೆ ಸ್ಟೀಲ್. ಬಿಚ್ಚಿ ಜೋಡಿಸುವ ಪಾರ್ಟಿಕಲ್ ಬೋರ್ಡ್ ವಾರ್ಡ್‌ರೋಬ್ ಎರಡನೇ ಸಲ ಬಿಚ್ಚಿದಾಗಲೇ ಸ್ಕ್ರೂ ತೂತು ಸಡಿಲವಾಗಿರುತ್ತದೆ. ಸ್ವಂತ ಮನೆ, ಗೋಡೆಯಿಂದ ಗೋಡೆಗೆ ಕೂರಬೇಕು ಅಂದರೆ ಒಳ್ಳೆಯ ಪ್ಲೈವುಡ್ ಚೆನ್ನಾಗಿ ಕಾಣುತ್ತದೆ. ಊಟದ ಟೇಬಲ್ಲಿಗೆ, ಕೈ ಊರುವ ಜಾಗಕ್ಕೆ ಮರವೇ ಹಿತ. ಸ್ಟೀಲ್ ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ ಚಳಿಗಾಲದ ಬೆಳಿಗ್ಗೆ ಮುಟ್ಟಿದರೆ ಚುರುಕ್ ಅನ್ನುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಬಾಲ್ಕನಿಯಲ್ಲಿಟ್ಟ ಸ್ಟೀಲ್ ಕುರ್ಚಿಯಲ್ಲಿ ಕೂರುವುದು ನಿಮ್ಮಿಷ್ಟ.

ಗೆದ್ದಲು ಬರಲ್ಲ ತಾನೆ?

ಸ್ಟೀಲನ್ನು ತಿನ್ನುವುದಿಲ್ಲ. ಆದರೆ ಒಳಗಿರುವ ಪುಸ್ತಕ, ಹತ್ತಿ ಬಟ್ಟೆ ತಿನ್ನುತ್ತದೆ. ಗೋಡೆಗೆ ತಾಗಿಸಿಟ್ಟ ಬೀರುವಿನ ಹಿಂದೆ ಮಣ್ಣಿನ ದಾರಿ ಕಟ್ಟಿಕೊಂಡು, ತಗಡಿನ ಮೇಲೇ ಹತ್ತಿ, ಸಂದಿಯಿಂದ ಒಳಗೆ ಹೋಗುವುದನ್ನು ನೋಡಿದ್ದೇನೆ. ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಡಿ, ಆಗಾಗ ಟಾರ್ಚ್ ಹಾಕಿ ಹಿಂದೆ ನೋಡಿ.

## ಕೊಳ್ಳುವಾಗ

ಒಬ್ಬ 20 ಗೇಜ್ ಅಂತಾನೆ, ಒಬ್ಬ 22 ಗೇಜ್ ಅಂತಾನೆ. 22 ಜಾಸ್ತಿ ದಪ್ಪ ತಾನೆ?

ಉಲ್ಟಾ. ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳ್ಳಗಾಗುತ್ತದೆ. 18 ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್, 20 ಅಂದರೆ 0.9, 22 ಅಂದರೆ 0.7ರಿಂದ 0.8ರ ನಡುವೆ, 24 ಅಂದರೆ 0.6ರ ಆಸುಪಾಸು. ಗೇಜ್ ಪಟ್ಟಿಗಳು ಒಂದಕ್ಕಿಂತ ಹೆಚ್ಚು ಇರುವುದರಿಂದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಆ ಗೊಂದಲ ಕೆಲವರಿಗೆ ಅನುಕೂಲವೂ ಹೌದು. ಅದಕ್ಕೇ ಬಿಲ್ಲಿನಲ್ಲಿ ಗೇಜ್ ಬೇಡ, ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ.

ಇನ್ನೊಂದು ಉಪಾಯ ಇದೆ, ಇದನ್ನು ಯಾರೂ ಮಾಡುವುದಿಲ್ಲ. ತೂಕ ಕೇಳಿ. ಒಂದು ಚದರ ಮೀಟರ್, ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು 7.85 ಕೆಜಿ ತೂಗುತ್ತದೆ. ಇದು ಉಕ್ಕಿನ ಗುಣ, ಯಾವ ಅಂಗಡಿಯವನೂ ಬದಲಾಯಿಸಲು ಆಗದು. ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ, ಒಂದೂವರೆ ಅಡಿ ಚಿಲ್ಲರೆ ಆಳದ, ನಾಲ್ಕು ಅಡ್ಡ ಹಲಗೆ ಇರುವ ಬೀರುವಿಗೆ ಬಗ್ಗಿಸಿದ ಅಂಚೆಲ್ಲ ಸೇರಿ ಸುಮಾರು 9 ಚದರ ಮೀಟರ್ ತಗಡು ಬೇಕು. ಎಲ್ಲ ಕಡೆ 0.8 ಮಿಮೀ ಹಾಕಿದ್ದರೆ 55 ಕೆಜಿ ದಾಟಬೇಕು. 0.6 ಆದರೆ 42ರ ಸುಮಾರು. "22 ಗೇಜ್" ಅಂತ ಹೇಳಿದ ಬೀರುವನ್ನು ಒಬ್ಬನೇ ಹುಡುಗ ಎತ್ತಿ ಮೂಲೆಗೆ ಸರಿಸಿದರೆ ಅಲ್ಲೇ ಉತ್ತರ ಸಿಕ್ಕಿತು. ಬಾಗಿಲಿಗೆ ಮಾತ್ರ ದಪ್ಪ ತಗಡು ಹಾಕಿ ಹಿಂದೆ, ಒಳಗೆ ಕಾಗದದಂಥದ್ದು ಹಾಕುವುದು ಮಾಮೂಲಿ. ಬಾಗಿಲು ತಟ್ಟಿ ನೋಡಬೇಡಿ, ಹಿಂಬದಿ ಒತ್ತಿ ನೋಡಿ. ಟಪ್ ಅಂತ ಒಳಗೆ ಹೋಗಿ ಟಪ್ ಅಂತ ಹೊರಗೆ ಬಂದರೆ ತೆಳು.

ಎರಡೂ ನೋಡೋಕೆ ಒಂದೇ ಥರ, ಒಂದಕ್ಕೆ ಹೆಚ್ಚುಕಮ್ಮಿ ದುಪ್ಪಟ್ಟು ರೇಟು. ಎಲ್ಲಿ ನೋಡಬೇಕು?

ಕೆಳಗೆ. ನಿಜವಾಗಿಯೂ ಬಗ್ಗಿ ತಳ ನೋಡಿ.

ಮುಂದೆ ಎಲ್ಲರೂ ಚೆಂದ ಬಣ್ಣ ಹೊಡೆಯುತ್ತಾರೆ. ತಳದಲ್ಲಿ, ಹಲಗೆಯ ಅಡಿಯಲ್ಲಿ, ಕೀಲಿನ ಹಿಂದೆ, ವೆಲ್ಡಿಂಗ್ ಮಾಡಿದ ಮೂಲೆಯಲ್ಲಿ ಬಣ್ಣ ಪೂರ್ತಿ ಕೂತಿದೆಯಾ ನೋಡಬೇಕು. ಈಗ ಒಳ್ಳೆಯ ಕಡೆ ಪೌಡರ್ ಕೋಟಿಂಗ್ ಮಾಡುತ್ತಾರೆ. ಬಣ್ಣದ ಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ತಗಡಿನ ಮೇಲೆ ಊದುತ್ತಾರೆ, ಅದು ಅಂಟಿಕೊಳ್ಳುತ್ತದೆ. ಆಮೇಲೆ ಓವನ್ನಿನಲ್ಲಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಹತ್ತು ಹದಿನೈದು ನಿಮಿಷ ಇಟ್ಟರೆ ಪುಡಿ ಕರಗಿ ಒಂದೇ ಪದರವಾಗುತ್ತದೆ. ಪೆಟ್ಟಿಗೆಯಂತೆ ಮುಚ್ಚಿದ ಒಳಮೂಲೆಗಳಿಗೆ ಪುಡಿ ಸರಿಯಾಗಿ ಹೋಗುವುದಿಲ್ಲ, ಹೊಡೆಯುವವನು ಆತುರದಲ್ಲಿದ್ದರೆ ಅಲ್ಲಿ ಬರಿಗಬ್ಬಿಣ ಉಳಿಯುತ್ತದೆ.

ಬೆಲೆಯ ಅಸಲಿ ವ್ಯತ್ಯಾಸ ಕಣ್ಣಿಗೆ ಕಾಣದ ಇನ್ನೊಂದು ಕಡೆ ಇದೆ. ಬಣ್ಣಕ್ಕೆ ಮೊದಲು ತಗಡನ್ನು ತೊಟ್ಟಿಗಳಲ್ಲಿ ಅದ್ದಿ ಎಣ್ಣೆ ಜಿಡ್ಡು ತೆಗೆಯಬೇಕು, ತುಕ್ಕು ತೆಗೆಯಬೇಕು, ಫಾಸ್ಫೇಟ್ ಪದರ ಕೊಡಬೇಕು, ನಡುನಡುವೆ ತೊಳೆಯಬೇಕು. ನಮ್ಮಲ್ಲಿ ಇದನ್ನು "ಸೆವೆನ್ ಟ್ಯಾಂಕ್" ಅನ್ನುತ್ತಾರೆ. ಇದನ್ನು ಬಿಟ್ಟು ಬಟ್ಟೆಯಲ್ಲಿ ಒರೆಸಿ ಬಣ್ಣ ಹೊಡೆದರೂ ಶೋರೂಮಿನಲ್ಲಿ ಒಂದೇ ಥರ ಮಿಂಚುತ್ತದೆ. ಎರಡು ಮಳೆಗಾಲ ಆಗಲಿ, ಬಣ್ಣ ಹಪ್ಪಳದ ಹಾಗೆ ಏಳುತ್ತದೆ. "ಸೆವೆನ್ ಟ್ಯಾಂಕ್ ಆಗಿದೆಯಾ, ಯಾವ ಯೂನಿಟ್‌ನಲ್ಲಿ?" ಅಂತ ಕೇಳಿ. ಉತ್ತರಕ್ಕಿಂತ ಮುಖ ನೋಡಿ.

ಮ್ಯಾಗ್ನೆಟ್ ಅಂಟಿದ್ರೆ ಡೂಪ್ಲಿಕೇಟ್ ಸ್ಟೀಲ್ ಅಲ್ವಾ?

ಈ ಪರೀಕ್ಷೆ ಅರ್ಧ ಸರಿ. ಎಂಎಸ್‌ಗೆ ಅಂಟಲೇಬೇಕು, ಅದು ದೋಷವಲ್ಲ. ಎಸ್‌ಎಸ್ ಅಂತ ಹೇಳಿದ್ದಕ್ಕೆ ಗಟ್ಟಿಯಾಗಿ ಅಂಟಿದರೆ ಅದು 430ನಂಥ ದರ್ಜೆ ಇರಬಹುದು, ಅದೂ ಸ್ಟೇನ್‌ಲೆಸ್ಸೇ, ಆದರೆ ಬೇರೆ ಜಾತಿ.

ತೊಂದರೆ ಇರುವುದು ಸ್ಟೇನ್‌ಲೆಸ್ಸಿನ 304 ಮತ್ತು 202 ದರ್ಜೆಗಳ ನಡುವೆ. ಇವೆರಡಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ, ಅಂಟಿದರೂ ನೆಪಕ್ಕೆ. 304ರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕಲ್ ಇರುತ್ತದೆ. ನಿಕಲ್ ದುಬಾರಿ ಅಂತ 202ರಲ್ಲಿ ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕುತ್ತಾರೆ. ಒಣ ಕೋಣೆಯಲ್ಲಿ 202 ಸಾಕು. ಸಿಂಕಿನ ಕೆಳಗೆ, ಬಚ್ಚಲಲ್ಲಿ, ಕರಾವಳಿಯಲ್ಲಿ ಸಾಲದು. ಸ್ಟೀಲ್ ವ್ಯಾಪಾರಿಗಳ ಹತ್ತಿರ ಪರೀಕ್ಷೆಯ ದ್ರವದ ಸಣ್ಣ ಬಾಟಲಿ ಇರುತ್ತದೆ, ಒಂದು ಹನಿ ಹಾಕಿದರೆ 200 ಸರಣಿಯ ಸ್ಟೀಲಾದರೆ ಹನಿ ಕೆಂಪಾಗುತ್ತದೆ. ಕಾಣದ ಮೂಲೆಯಲ್ಲಿ ಹಾಕಿಸಿ.

ನಮ್ಮದು ಸುರತ್ಕಲ್ ಕಡೆ, ಸಮುದ್ರ ಹತ್ತಿರ. ಸ್ಟೀಲ್ ತಗೊಳ್ಳೋದಾ ಬೇಡ್ವಾ?

ತಗೊಳ್ಳಿ, ಆದರೆ ಬೆಂಗಳೂರಿನವರು ನೋಡುವ ಹಾಗೆ ನೋಡಿ ತಗೊಳ್ಳಬೇಡಿ. ಕಾರವಾರದಿಂದ ಉಳ್ಳಾಲದವರೆಗೆ ಗಾಳಿಯಲ್ಲೇ ಉಪ್ಪಿದೆ. ಉಪ್ಪಿನ ಕ್ಲೋರೈಡ್ ಸ್ಟೇನ್‌ಲೆಸ್ಸಿನ ಆ ಪೊರೆಯನ್ನೂ ಚುಕ್ಕೆ ಚುಕ್ಕೆಯಾಗಿ ತೂತು ಮಾಡುತ್ತದೆ. 304 ಹಾಕಿಸಿದ ಬಾಲ್ಕನಿ ಕಂಬಿಯ ಮೇಲೂ ಚಹಾ ಕಲೆಯ ಥರ ಕಂದು ಮೂಡುವುದು ಇದೇ ಕಾರಣಕ್ಕೆ. ಹೊರಗಿನದಕ್ಕೆ 316 ಬೇಕು, ಅದರಲ್ಲಿ ಎರಡು ಮೂರು ಶೇಕಡಾ ಮಾಲಿಬ್ಡಿನಂ ಇರುತ್ತದೆ, ರೇಟೂ ಹಾಗೇ ಇರುತ್ತದೆ. ಒಳಗಿನ ಬೀರುವಿಗೆ ಅಷ್ಟೆಲ್ಲ ಬೇಡ. ಸತು ಲೇಪಿಸಿದ ಜಿಐ ಅಥವಾ ಜಿಪಿ ತಗಡಿನ ಮೇಲೆ ಪೌಡರ್ ಕೋಟ್ ಮಾಡಿಸಿದ್ದು ಸಿಕ್ಕಿದರೆ ಬಹಳ ಒಳ್ಳೆಯದು, ಗೀರು ಬಿದ್ದ ಕಡೆ ಸತು ಮೊದಲು ಸವೆದು ಉಕ್ಕನ್ನು ಉಳಿಸುತ್ತದೆ. ಸಮುದ್ರದ ಕಡೆಯ ಕಿಟಕಿ ಎದುರಿಗೆ ಮಾತ್ರ ಇಡಬೇಡಿ.

ಅಡುಗೆಮನೆ ಪೂರ್ತಿ ಸ್ಟೀಲಲ್ಲಿ ಮಾಡಿಸಬಹುದಾ?

ಮಾಡಿಸಬಹುದು. ನೀರು ಸೋರಿ ಉಬ್ಬುವುದಿಲ್ಲ, ಗೆದ್ದಲಿಲ್ಲ. ಸಿಂಕಿನ ಕೆಳಗಿನ ಕಪಾಟು ಯಾವ ಮನೆಯಲ್ಲಾದರೂ ಮೊದಲು ಹಾಳಾಗುವ ಜಾಗ. ದುಡ್ಡು ಕಡಿಮೆ ಇದ್ದರೆ ಅದೊಂದನ್ನಾದರೂ ಎಸ್‌ಎಸ್ 304ರಲ್ಲಿ ಮಾಡಿಸಿ, ಉಳಿದದ್ದು ಪ್ಲೈವುಡ್ ಇರಲಿ. ನನ್ನ ಮನೆಯಲ್ಲಿ ಇರುವುದೂ ಹಾಗೇ.

ಅನನುಕೂಲ ಇದೆ. ಬಾಗಿಲು ಹಾಕಿದರೆ ಢಣ್ ಅನ್ನುತ್ತದೆ, ನಿಧಾನ ಮುಚ್ಚುವ ಕೀಲು ಬೇಕೇ ಬೇಕು. ಕೈಬೆರಳಿನ ಗುರುತು ಎದ್ದು ಕಾಣುತ್ತದೆ. ಟೊಳ್ಳು ಪೈಪಿನ ಬಾಯಿ ಮುಚ್ಚಿಲ್ಲದಿದ್ದರೆ ಜಿರಲೆಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ತಗಡಿನ ಅಂಚು ಮಡಚಿಲ್ಲದಿದ್ದರೆ ಕೈ ಕುಯ್ಯುತ್ತದೆ, ಒರೆಸುವಾಗ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ, ಇದು ಸ್ವಂತ ಅನುಭವ. ಹೊಸ ಅಡುಗೆಮನೆಗೆ ಬುಟ್ಟಿ, ಟ್ರೇ ಎಲ್ಲ ಕೂರಿಸಿದ ಮೇಲೆ ಟೈಲ್ಸ್ ಕೆಲಸದವರು ಸಿಮೆಂಟ್ ಕಲೆ ತೆಗೆಯಲು ಆ್ಯಸಿಡ್ ಹಾಕಿ ನೆಲ ಉಜ್ಜಿದರು. ಬೆಳಿಗ್ಗೆ ನೋಡಿದರೆ ಒಳ್ಳೆಯ ಸ್ಟೇನ್‌ಲೆಸ್ ಬುಟ್ಟಿಗಳ ಮೇಲೆಲ್ಲ ತುಕ್ಕಿನ ಚುಕ್ಕೆ. ಸ್ಟೀಲಿಗೆ ಒಂದು ಹನಿಯೂ ಬಿದ್ದಿರಲಿಲ್ಲ. ಹೈಡ್ರೋಕ್ಲೋರಿಕ್ ಆ್ಯಸಿಡ್ಡಿನ ಹಬೆ ಸಾಕು. ನಾನು ಈ ಕೆಲಸದಲ್ಲೇ ಇದ್ದೂ ಹೇಳಲು ಮರೆತಿದ್ದೆ. ಆ್ಯಸಿಡ್ ತೊಳೆತ ಮುಗಿದು, ಕಿಟಕಿ ತೆರೆದು ಎರಡು ದಿನ ಗಾಳಿಯಾಡಿದ ಮೇಲೆ ಸ್ಟೀಲ್ ಒಳಗೆ ತನ್ನಿ.

ಸ್ಟೀಲ್ ಮಂಚ ಮಗ್ಗುಲು ಬದಲಾಯಿಸಿದ್ರೆ ಕಿರ್ ಅನ್ನುತ್ತೆ. ವಾಪಸ್ ಕೊಡೋದಾ?

ಮೊದಲು ಬೋಲ್ಟ್ ಬಿಗಿ ಮಾಡಿ. ಆಮೇಲೂ ಅಂದರೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಕಡೆ ನೈಲಾನ್ ವಾಷರ್ ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಪ್ಲೈವುಡ್ ಹಲಗೆ ಪಟ್ಟಿಯ ಮೇಲೆ ಉಜ್ಜುತ್ತಿದ್ದರೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ನಡುವೆ ಇಡಿ. ನಾಲ್ಕು ಕಾಲೂ ನೆಲಕ್ಕೆ ಕೂತಿದೆಯಾ ಅಂತಲೂ ನೋಡಿ, ಎಷ್ಟೋ ಸಲ ತಪ್ಪು ನೆಲದ್ದು.

## ಮನೆಗೆ ತಂದ ಮೇಲೆ

ಬೀರು ಯಾವ ದಿಕ್ಕಿಗೆ ಇಡಬೇಕು?

ನೈರುತ್ಯ ಮೂಲೆಯಲ್ಲಿಟ್ಟು ಬಾಗಿಲು ಉತ್ತರಕ್ಕೆ ತೆರೆಯುವ ಹಾಗೆ ಇಡಿ, ಕುಬೇರನ ದಿಕ್ಕು ಅಂತ ಹಿರಿಯರು ಹೇಳುತ್ತಾರೆ. ಅವರ ಸಮಾಧಾನಕ್ಕೆ ಹಾಗೇ ಇಡಿ, ನಷ್ಟವೇನಿಲ್ಲ. ಆದರೆ ಆ ಗೋಡೆಯ ಆಚೆ ಬಚ್ಚಲು ಇದ್ದರೆ, ಅಥವಾ ಮಳೆಗಾಲದಲ್ಲಿ ಆ ಮೂಲೆ ಒಸರುತ್ತಿದ್ದರೆ, ಯಾವ ದಿಕ್ಕೂ ಬೀರುವನ್ನು ಉಳಿಸುವುದಿಲ್ಲ. ಅಂಗೈ ಗೋಡೆಗಿಟ್ಟು ತಂಪು ನೋಡಿ. ಇನ್ನೊಂದು ವಿಷಯ, ಆಯುಧ ಪೂಜೆಗೆ ಹಚ್ಚಿದ ಅರಿಶಿನ ಕುಂಕುಮವನ್ನು ಮಾರನೇ ದಿನವೇ ಒರೆಸಿ. ತಿಳಿ ಬಣ್ಣದ ಬೀರುವಿನ ಮೇಲೆ ಒಂದು ವಾರ ಬಿಟ್ಟರೆ ಮುಂದಿನ ದಸರಾವರೆಗೂ ಅಲ್ಲೇ ಇರುತ್ತದೆ.

ರೇಷ್ಮೆ ಸೀರೆ ಸ್ಟೀಲ್ ಬೀರುವಿನಲ್ಲಿ ಇಡಬಹುದಾ? ಕಲೆ ಆಗುತ್ತಂತಲ್ಲ.

ಇಡಬಹುದು, ಬರಿ ತಗಡಿಗೆ ತಾಗಬಾರದು. ನಮ್ಮ ಅತ್ತೆಯ ಮದುವೆ ಸೀರೆಯ ಮೇಲೆ ಕಾಸಿನಷ್ಟು ಕಂದು ಕಲೆ ಆಗಿತ್ತು. ಹಲಗೆಯ ಮೂಲೆಯಲ್ಲಿ ಬಣ್ಣ ಹೋಗಿದ್ದ ಒಂದೇ ಒಂದು ಜಾಗ, ಸೀರೆಯ ಮಡಿಕೆ ಸರಿಯಾಗಿ ಅಲ್ಲೇ ಕೂತಿತ್ತು. ಬಿಳಿ ಹತ್ತಿ ಬಟ್ಟೆಯಾದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತುಕ್ಕಿನ ಕಲೆ ತೆಗೆಯಬಹುದು. ರೇಷ್ಮೆಗೆ ಆ ಪ್ರಯೋಗ ಬೇಡ, ಬಣ್ಣವೂ ಹೋಗುತ್ತದೆ.

ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ, ತೇವ ಒಳಗೇ ಉಳಿದು ಜರಿ ಕಪ್ಪಾಗುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು, ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ಮಲೆನಾಡಿನವರಿಗೆ ಇನ್ನೊಂದು ಮಾತು. ಸ್ಟೀಲ್ ರಾತ್ರಿ ಬೇಗ ತಣ್ಣಗಾಗುತ್ತದೆ, ಒಳಗಿನ ತೇವದ ಗಾಳಿ ಅದರ ಮೇಲೆ ಬೆವರಿನ ಹಾಗೆ ಕೂರುತ್ತದೆ. ಆಷಾಢದಲ್ಲಿ ಅರೆಬರೆ ಒಣಗಿದ ಬಟ್ಟೆಯನ್ನು ಬೀರುವಿಗೆ ತುರುಕಿದರೆ ಒಂದೇ ವಾರದಲ್ಲಿ ಬೂಷ್ಟು. ಬಿಸಿಲು ಕಂಡ ದಿನ ಎರಡೂ ಬಾಗಿಲು ತೆರೆದಿಡಿ.

ಬೇರೆಲ್ಲ ಚೆನ್ನಾಗಿದೆ, ಕಾಲಿನ ತಳ ಮಾತ್ರ ತುಕ್ಕು. ಯಾಕೆ?

ದಿನಾ ನೆಲ ಒರೆಸುತ್ತೀರಲ್ಲ, ಅದಕ್ಕೆ. ಒದ್ದೆ ಮಾಪ್ ಕಾಲಿಗೆ ತಾಗಿ ನೀರು ಅಡಿಗೆ ಹೋಗುತ್ತದೆ, ಅಲ್ಲಿ ಗಾಳಿ ಆಡುವುದಿಲ್ಲ, ಆರುವುದಿಲ್ಲ. ಫಿನಾಯಿಲ್ ಜೊತೆ ಉಪ್ಪು ಹಾಕಿ ಒರೆಸುವ ಮನೆಗಳಲ್ಲಿ ಇನ್ನೂ ಬೇಗ. ನಾನು ನೋಡಿದ ಬೀರುಗಳಲ್ಲಿ ಜಾಸ್ತಿ ಸತ್ತಿರುವುದು ಹೀಗೆ, ಕೆಳಗಿನಿಂದ.

ಹೊಸದಾಗಿ ತಂದ ದಿನವೇ, ಖಾಲಿ ಇರುವಾಗಲೇ, ಮಲಗಿಸಿ ಕಾಲಿಗೆ ಗಟ್ಟಿ ರಬ್ಬರ್ ಅಥವಾ ನೈಲಾನ್ ಬುಷ್ ಹಾಕಿ. ಲೋಟದ ಥರ ಮುಚ್ಚಿಕೊಳ್ಳುವ ಬುಷ್ ಆದರೆ ನೀರು ಒಳಗೆ ಹೋಗಿ ಅಲ್ಲೇ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಸ್ಕ್ರೂನಿಂದ ಕೂರುವ ಎತ್ತರ ಹೊಂದಿಸುವ ಕಾಲು ಉತ್ತಮ. ಕೊನೇ ಪಕ್ಷ ಗ್ರಾನೈಟ್ ತುಂಡಿನ ಮೇಲಾದರೂ ನಿಲ್ಲಿಸಿ, ನೆಲದಿಂದ ಒಂದಂಗುಲ ಮೇಲೆ ಬರಲಿ.

ಸ್ಟೀಲ್ ರ‍್ಯಾಕ್ ಮೇಲೆ ಓವನ್, ಮಿಕ್ಸಿ ಇಟ್ರೆ ಶಾಕ್ ಹೊಡೆಯುತ್ತಾ?

ರ‍್ಯಾಕ್ ಶಾಕ್ ಹೊಡೆಯುವುದಿಲ್ಲ, ಅದರ ಮೇಲಿನ ಯಂತ್ರ ಹೊಡೆಯುತ್ತದೆ, ರ‍್ಯಾಕ್ ಅದನ್ನು ನಿಮ್ಮ ಕೈವರೆಗೆ ತರುತ್ತದೆ. ಮೂರು ಪಿನ್ ಪ್ಲಗ್ಗು, ಸರಿಯಾದ ಅರ್ತಿಂಗ್, ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್) ಇರಲಿ. ವೈರು ರ‍್ಯಾಕಿನ ಕಾಲಿನ ಕೆಳಗೆ ಸಿಕ್ಕಿಕೊಂಡು ಜಜ್ಜಿರಬಾರದು. ಇದೇ ಜಾಗದಲ್ಲಿ ವೈಫೈ ಬಗ್ಗೆಯೂ ಹೇಳಿಬಿಡುತ್ತೇನೆ, ರೂಟರನ್ನು ಸ್ಟೀಲ್ ಕಪಾಟಿನ ಒಳಗಿಟ್ಟು "ಸಿಗ್ನಲ್ ಬರಲ್ಲ" ಅಂತ ಕಂಪನಿಗೆ ಬೈಯಬೇಡಿ.

ಮೊಮ್ಮಗ ಬೀರು ಬಾಗಿಲು ಹಿಡಿದು ಜೋಲಾಡ್ತಾನೆ. ಏನಾಗಲ್ಲ ಅಲ್ವಾ?

ಆಗುತ್ತದೆ. ಖಾಲಿ ಬೀರು, ಅಥವಾ ಮೇಲಿನ ಹಲಗೆಯಲ್ಲಿ ಭಾರ ಇಟ್ಟು ಕೆಳಗೆ ಖಾಲಿ ಬಿಟ್ಟ ಬೀರು, ಬಾಗಿಲು ತೆರೆದಾಗ ಮುಂದಕ್ಕೆ ವಾಲುತ್ತದೆ. ಮಗುವಿನ ತೂಕ ಸೇರಿದರೆ ಮೈಮೇಲೆ ಬೀಳುತ್ತದೆ. ಇವತ್ತೇ ಭಾರದ್ದನ್ನು ಕೆಳಗಿನ ಹಲಗೆಗೆ ಇಳಿಸಿ, ಮೇಲ್ಭಾಗವನ್ನು ಎರಡು ಎಲ್ ಪಟ್ಟಿ ಹಾಕಿ ಗೋಡೆಗೆ ಬಿಗಿಯಿರಿ. ತೂತು ಕೊರೆಯುವ ಮುಂಚೆ ಆ ಜಾಗದಲ್ಲಿ ಒಳ ವೈರಿಂಗ್ ಇದೆಯಾ ವಿಚಾರಿಸಿ.

ಬೀಗ ಬಿಗಿಯಾಗಿದೆ, ಕೊಬ್ಬರಿ ಎಣ್ಣೆ ಬಿಟ್ರೆ ಸರಿ ಹೋಗುತ್ತಾ?

ಒಂದು ತಿಂಗಳು ಹೋಗುತ್ತದೆ. ಆಮೇಲೆ ಎಣ್ಣೆ ಧೂಳು ಹಿಡಿದು ಅಂಟಾಗಿ ಮೊದಲಿಗಿಂತ ಬಿಗಿಯಾಗುತ್ತದೆ. ಪೆನ್ಸಿಲಿನ ಕಪ್ಪು ಸೀಸವನ್ನು ಕೀಲಿಯ ಮೇಲೆ ಗೀಚಿ ನಾಲ್ಕು ಸಲ ತಿರುಗಿಸಿ. ಅದು ಗ್ರಾಫೈಟ್, ಒಣ ಜಾರಿಕೆ. ಬೀಗ ಸರಿ ಇದ್ದು ಹಿಡಿ ಮಾತ್ರ ತಿರುಗದಿದ್ದರೆ ಬೀರು ಓರೆಯಾಗಿ ನಿಂತಿದೆ ಅಂತ ಅರ್ಥ. ಹಿಡಿ ತಿರುಗಿಸಿದಾಗ ಒಳಗೆ ಎರಡು ಸರಳು ಮೇಲಕ್ಕೂ ಕೆಳಕ್ಕೂ ಹೋಗಿ ತೂತಿಗೆ ಕೂರಬೇಕು, ಓರೆಯಾದರೆ ತೂತು ಸಿಗುವುದಿಲ್ಲ. ಒಂದು ಕಾಲಿನ ಕೆಳಗೆ ರಟ್ಟಿನ ತುಂಡು ಇಟ್ಟರೆ ರಿಪೇರಿ ಖರ್ಚು ಉಳಿಯಿತು. ಕೀಲಿಯ ಮೇಲಿನ ನಂಬರನ್ನು ಬೇರೆ ಕಡೆ ಬರೆದಿಡಿ, ಬೀರುವಿನ ಒಳಗಲ್ಲ.

## ಸ್ವಲ್ಪ ಆಳಕ್ಕೆ ಹೋದರೆ

ಅಜ್ಜಿ ಕಾಲದ ಬೀರು ಇದೆ. ಹೊಸ ಬಣ್ಣ ಹೊಡೆಸಿ ಫ್ಲ್ಯಾಟಲ್ಲಿ ಇಡಬಹುದಾ?

ದಯವಿಟ್ಟು ಇಡಿ. ಹಳೆಯವುಗಳ ತಗಡು ಸಾಮಾನ್ಯವಾಗಿ ಈಗಿನ ಅಗ್ಗದವುಗಳಿಗಿಂತ ದಪ್ಪ. ಆದರೆ ತೆಗೆದುಕೊಂಡು ಹೋಗುವ ಮುಂಚೆ ಲಿಫ್ಟಿನ ಬಾಗಿಲು, ಮೆಟ್ಟಿಲಿನ ತಿರುವು ಅಳೆಯಿರಿ. ಹಳೆಯ ಬೀರು ಬಿಚ್ಚಲು ಬರುವುದಿಲ್ಲ, ಒಂದೇ ಗಟ್ಟಿ.

ಮನೆಯಲ್ಲೇ ಉಜ್ಜುವುದಾದರೆ ಎಚ್ಚರ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ನಮ್ಮ ದೇಶದಲ್ಲಿ ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಹಾಗಾಗಿ ಒಣ ಬಣ್ಣವನ್ನು ಹಾಗೇ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಕಾಗದ (ನೀರಿಗೆ ಹಾಳಾಗದ ಉಜ್ಜುವ ಕಾಗದ) ತಂದು ಒದ್ದೆ ಮಾಡಿಕೊಂಡು ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ತುಕ್ಕು ಇದ್ದ ಕಡೆ ಹೊಳೆಯುವ ಉಕ್ಕು ಕಾಣುವವರೆಗೆ ಉಜ್ಜಬೇಕು. ಗುಳಿಯಲ್ಲಿ ಕೂತ ತುಕ್ಕಿಗೆ ಫಾಸ್ಫಾರಿಕ್ ಆ್ಯಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ. ಚೆನ್ನಾಗಿ ಒಣಗಿಸಿ ಅದೇ ದಿನ ಪ್ರೈಮರ್ ಹೊಡೆಯಿರಿ, ರಾತ್ರಿ ಬರಿಗಬ್ಬಿಣ ಬಿಟ್ಟರೆ ಬೆಳಿಗ್ಗೆಗೆ ತೆಳು ತುಕ್ಕು ಬಂದಿರುತ್ತದೆ. ಆಮೇಲೆ ಎನಾಮಲ್ ಎರಡು ತೆಳು ಕೈ. ಒಂದೇ ದಪ್ಪ ಕೈ ಹೊಡೆದರೆ ಇಳಿಯುತ್ತದೆ.

ಪೌಡರ್ ಕೋಟಿಂಗೇ ಬೇಕು ಅಂದರೆ ಬೆಂಗಳೂರಿನ ಪೀಣ್ಯ, ಮಂಗಳೂರಿನ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಮಾಡುವವರು ಸಿಗುತ್ತಾರೆ. ಕನ್ನಡಿ, ಬೀಗ, ರಬ್ಬರ್ ಎಲ್ಲ ಬಿಚ್ಚಿ ಕೊಡಿ, 200 ಡಿಗ್ರಿ ಓವನ್ನಿಗೆ ಹೋಗುವ ಸಾಮಾನು ಅದು. ಅವರ ಓವನ್ನಿನಲ್ಲಿ ಆರೂವರೆ ಅಡಿ ನಿಲ್ಲುತ್ತದಾ ಅಂತ ಮೊದಲು ಫೋನ್ ಮಾಡಿ ಕೇಳಿ.

ಒಳಗಿನ ಲಾಕರ್‌ನಲ್ಲಿ ಒಡವೆ, ಆಸ್ತಿ ಪತ್ರ ಇಟ್ಟಿದೀವಿ. ಬೆಂಕಿ ಬಿದ್ರೂ ಸ್ಟೀಲ್ ಅಲ್ವಾ, ಭದ್ರ ತಾನೆ?

ಇಲ್ಲ. ಕಾಗದ ಸುಮಾರು 230 ಡಿಗ್ರಿಗೆ ಹೊತ್ತಿಕೊಳ್ಳುತ್ತದೆ, ಮನೆಗೆ ಬಿದ್ದ ಬೆಂಕಿಯ ಶಾಖ ಅದರ ಎರಡು ಮೂರು ಪಟ್ಟು. ಒಂದು ಮಿಲಿಮೀಟರ್ ತಗಡು ಆ ಬಿಸಿಯನ್ನು ಹಾಗೇ ಒಳಗೆ ದಾಟಿಸುತ್ತದೆ, ಬೀರು ಒಲೆಯಾಗುತ್ತದೆ. ಬೆಂಕಿ ತಡೆಯುವ ಸೇಫ್ ಅಂದರೆ ಎರಡು ತಗಡಿನ ನಡುವೆ ಶಾಖ ತಡೆಯುವ ದಪ್ಪ ವಸ್ತು ತುಂಬಿರುತ್ತದೆ, ಅದಕ್ಕೇ ಅದು ಅಷ್ಟು ಭಾರ. ಕಳ್ಳನ ವಿಷಯಕ್ಕೆ ಬಂದರೂ ಅಷ್ಟೇ, ತೆಳು ಬಾಗಿಲಿಗೆ ಕಬ್ಬಿಣದ ಸರಳು ಹಾಕಿ ಮೀಟಲು ಬಹಳ ಹೊತ್ತು ಬೇಡ. ಬೀರುವಿನ ಬೀಗ ಮನೆಯವರಿಂದ ಕಾಪಾಡುತ್ತದೆ, ಹೊರಗಿನವರಿಂದ ಅಲ್ಲ. ಮೂಲ ಪತ್ರ, ಒಡವೆಗೆ ಬ್ಯಾಂಕ್ ಲಾಕರ್ ನೋಡಿ.

ಲೋಕಲ್ ಫ್ಯಾಬ್ರಿಕೇಟರ್ ಹತ್ರ ನಮ್ಮ ಅಳತೆಗೆ ಪುಸ್ತಕದ ರ‍್ಯಾಕ್ ಮಾಡಿಸ್ತಿದೀವಿ. ಏನೇನು ಹೇಳಬೇಕು?

ಬಾಯಲ್ಲಿ ಹೇಳಬೇಡಿ, ಹಾಳೆಯ ಮೇಲೆ ಬರೆದು ಅಳತೆ ಹಾಕಿ ಕೊಡಿ.

ಭಾರ ಮೊದಲು. ಮೂರಡಿ ಉದ್ದದ ಒಂದು ಸಾಲು ಪುಸ್ತಕ ಸುಲಭವಾಗಿ 25–30 ಕೆಜಿ ಆಗುತ್ತದೆ. ನಾನೇ ಒಮ್ಮೆ ದುಡ್ಡು ಉಳಿಸಲು 24 ಗೇಜಿನ ಹಲಗೆ ಹಾಕಿಸಿ, ನಿಘಂಟುಗಳ ಸಾಲು ನಡುವೆ ತೊಟ್ಟಿಲಿನ ಹಾಗೆ ಬಗ್ಗಿತು. ತಗಡು ಕನಿಷ್ಠ 1 ಮಿಮೀ ಇರಲಿ, ಮುಂದಿನ ಹಿಂದಿನ ಅಂಚನ್ನು ಕೆಳಕ್ಕೆ ಒಂದಂಗುಲ ಬಗ್ಗಿಸಿ ಮತ್ತೆ ಒಳಕ್ಕೆ ಮಡಚಲಿ. ಬಲ ಬರುವುದು ದಪ್ಪಕ್ಕಿಂತ ಆ ಬೆಂಡಿಂಗಿನಿಂದ. ಎ4 ಹಾಳೆಯ ಎರಡು ಅಂಚು ಮಡಚಿ ಸೇತುವೆ ಥರ ಇಟ್ಟು ನೋಡಿ, ಗೊತ್ತಾಗುತ್ತದೆ. ಮೂರಡಿಗಿಂತ ಉದ್ದ ಬೇಕಾದರೆ ಹಲಗೆಯ ಅಡಿ ನಡುವೆ ಒಂದು ಪಟ್ಟಿ ವೆಲ್ಡ್ ಮಾಡಿಸಿ.

ಎರಡನೆಯದು, ಎಲ್ಲ ತೂತು, ಎಲ್ಲ ವೆಲ್ಡಿಂಗ್ ಬಣ್ಣಕ್ಕೆ ಮುಂಚೆ ಮುಗಿಯಬೇಕು. ಬಣ್ಣ ಆದ ಮೇಲೆ ಮನೆಗೆ ಬಂದು "ಒಂದೇ ತೂತು ಸಾರ್" ಅಂತ ಕೊರೆದರೆ ಆ ತೂತಿನ ಬಾಯಿಂದಲೇ ತುಕ್ಕು ಶುರು. ಮೂರನೆಯದು, ಚೌಕ ಪೈಪಿನ ಎರಡೂ ಬಾಯಿಗೆ ಮುಚ್ಚಳ. ಬಾಲ್ಕನಿಗೆ ಇಡುವುದಾದರೆ ಪೈಪಿನ ತಳದಲ್ಲಿ ಒಂದು ಸಣ್ಣ ತೂತು ಇರಲಿ, ಒಳಗೆ ಹೋದ ನೀರು ಹೊರಗೆ ಬರಬೇಕು. ಬಣ್ಣಕ್ಕೆ ಕಳಿಸುವ ಮುಂಚೆ ಒಮ್ಮೆ ಹೋಗಿ ಬರಿಮೈಯಲ್ಲಿ ನೋಡಿ ಬನ್ನಿ. ವೆಲ್ಡಿಂಗ್ ಪೂರ್ತಿ ಓಡಿದೆಯಾ, ಅಥವಾ ನಾಲ್ಕು ಚುಕ್ಕೆ ಇಟ್ಟು ಮೇಲೆ ಪುಟ್ಟಿ ಬಳಿದಿದ್ದಾರಾ ಅಂತ ಆಗ ಮಾತ್ರ ಕಾಣುತ್ತದೆ.

ಇನ್ನು ಸಾಕು ಅನ್ನಿಸಿದ್ಮೇಲೆ ಹಳೇ ಬೀರು ಏನು ಮಾಡೋದು?

ಗುಜರಿಯವರು ತೂಕಕ್ಕೆ ತಗೊಳ್ಳುತ್ತಾರೆ, ಮೇಲೆ ಹೇಳಿದ ಲೆಕ್ಕದಿಂದ ಎಷ್ಟು ತೂಗಬೇಕು ಅಂತ ನಿಮಗೀಗ ಗೊತ್ತು. ಕರಗಿ ಮತ್ತೆ ಉಕ್ಕೇ ಆಗುತ್ತದೆ. ಕೊಡುವ ಮುಂಚೆ ಲಾಕರಿನ ಡ್ರಾಯರನ್ನು ಪೂರ್ತಿ ಹೊರಗೆ ಎಳೆದು, ಹಿಂದೆ ಕೈ ಹಾಕಿ ನೋಡಿ. ಹಳೆಯ ಬೀರುಗಳಲ್ಲಿ ಅಲ್ಲೊಂದು ಕಳ್ಳ ಖಾನೆ ಇರುತ್ತದೆ, ಮನೆಯವರೂ ಮರೆತಿರುತ್ತಾರೆ. ನಮ್ಮದರಲ್ಲಿ ಸಿಕ್ಕಿದ್ದು ಒಂದು ಮುರಿದ ಓಲೆ, ಎರಡು ಹಳೆಯ ರೇಷನ್ ಕಾರ್ಡ್, ಮತ್ತು ಅದೇ ಬೀರುವಿನ ಕಳೆದುಹೋಗಿದ್ದ ಎರಡನೇ ಕೀಲಿ.